ದಾಸವಾಳದ ಗಿಡದ ಕಡ್ಡಿಹುಳು

ರೀ,

ಸುಶೀಲಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆಯಿಂದ ಜ್ವರ, ಎಂಜಲು ನುಂಗಿದರೂ ಅಳುತ್ತಾಳೆ. ಪಕ್ಕದ ಮನೆ ಅನಂತಲಕ್ಷ್ಮಿಯವರು ಜಟಕಾ ಕರೆಸಿಕೊಟ್ಟಿದ್ದಾರೆ. ಅನ್ನ ಮುಚ್ಚಿಟ್ಟಿದ್ದೇನೆ. ಫ್ಯಾಕ್ಟರಿಯಿಂದ ಬಂದವರು ನಿಂತೇ ಎರಡು ತುತ್ತು ತಿಂದು ಸೀದಾ ಅಲ್ಲಿಗೆ ಬನ್ನಿ. ಅವಳ ಉಣ್ಣೆ ಟೋಪಿ ಗೂಟದಲ್ಲಿದೆ, ತನ್ನಿ.

ನಿಮ್ಮಮ್ಮ ನಂಜು ಇಳಿಸುವವನನ್ನು ಕರೆತರಲು ಕೆಂಗೇರಿಗೆ ಹೋಗಿದ್ದಾರೆ. "ಕಿಟ್ಟಿಗಾದ ಹಾಗೇ ಕಣೇ, ಇವಳ ಮೇಲೂ ಆ ಕಡ್ಡಿಹುಳು ಹರಿದೈತೆ" ಅಂದರು. ನೀವಿರುವಾಗ ಆತ ಬಂದರೆ ಬಾಗಿಲಿಂದಲೇ ಕಳಿಸಿಬಿಡಿ. ನಂಜು ಎಳೆಯಲೆಂದು ಬೆನ್ನಿಗೆ ಅಂಟಿಸುವ ಕಂಚಿನ ತಟ್ಟೆಯನ್ನು ಹುಡುಕಬೇಡಿ. ಬಾವಿಗೆ ಎಸೆದಿದ್ದೇನೆ.

ಹೋದ ವರ್ಷ ಕಿಟ್ಟಿಯ ಬೆನ್ನಿಗೆ ಅದನ್ನು ಅಂಟಿಸಿ ಮೂರು ದಿನ ಕಾದೆವು. ಆಮೇಲೆ ಡಾಕ್ಟರು ಗಂಟಲಮಾರಿ ಅಂದರು, ಮೊದಲೇ ತರಬಾರದಿತ್ತೇ ಅಂದರು. ನಮ್ಮ ಮಗ ಉಳಿಯಲಿಲ್ಲ. ಹುಳು ಹರಿದದ್ದು ಮಗುವಿನ ಕೈ ಮೇಲೆ. ನೋವು ಗಂಟಲಲ್ಲಿ ಯಾಕೆ ಎಂದು ಈ ಮನೆಯಲ್ಲಿ ಯಾರೂ ಕೇಳಲಿಲ್ಲ.

ಇವತ್ತು ನಿಮ್ಮಮ್ಮನ ಎದುರಿಗೇ ಆ ಹುಳುವನ್ನು ನನ್ನ ತೋಳಿನ ಮೇಲೆ ಬಿಟ್ಟುಕೊಂಡೆ. ಕಚ್ಚಲಿಲ್ಲ, ಕುಟುಕಲಿಲ್ಲ, ಒಂದು ತುರಿಕೆ ಕೂಡ ಇಲ್ಲ. ಎಲೆ ತಿಂದುಕೊಂಡು ಕಡ್ಡಿಯ ಹಾಗೆ ಬಿದ್ದಿರುವ ಪ್ರಾಣಿ ಅದು. ಅವರು ಮುಖ ತಿರುಗಿಸಿಕೊಂಡು ಹೊರಟೇಬಿಟ್ಟರು.

ದಾಸವಾಳದ ಗಿಡಕ್ಕೆ ಸೀಮೆಎಣ್ಣೆ ಸುರಿದು ಸುಡುತ್ತೇನೆ ಅನ್ನುತ್ತಿದ್ದಿರಿ. ಮುಟ್ಟಬೇಡಿ. ಕಿಟ್ಟಿಗೆ ಏನೂ ಕೇಡು ಮಾಡದೆ ಈ ಮನೆಯಲ್ಲಿ ಇದ್ದದ್ದು ಆ ಹುಳುವೊಂದೇ.