ಹಕ್ಕಿಪಾಲಿನ ಕಡಲೆ ಒಣಗುತ್ತಿದೆ

ಮಾಳಿನಕೆರಿ
ಮಾರ್ಗಶಿರದ ಚಳಿ, ಇಸವಿ ೨೨೧೧

ಮಾತೃಶ್ರೀ ಸಮಾನರಾದ ಶಿವಗಂಗವ್ವ ಅಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ನೀಲಮ್ಮ ಮಾಡುವ ಶರಣು.

ಇಸವಿ ನೋಡಿ ಗಾಬರಿಯಾಗಬೇಡಿ. ನೀವು ಆರಾಮ ಇದ್ದೀರಾ? ಫಕ್ಕೀರಪ್ಪಜ್ಜನ ಮೊಣಕಾಲು ನೋವು ಇಳಿಯಿತೇ? ನಿಮ್ಮ ಸೊಸೆ ದ್ಯಾಮವ್ವನ ಕೂಸು ಹಾಲು ಕುಡಿಯುತ್ತಿದೆಯೇ? ಆ ಕೂಸಿನ ಕುಡಿಯೇ ನಾನು. ಸಂಬಂಧದಲ್ಲಿ ನೀವು ಅಜ್ಜಿ, ವಯಸ್ಸಿನಲ್ಲಿ ನಾನೇ ಹಿರಿಯಳು. ನಿಮ್ಮ ಕಾಲಿಗೆ ಬೀಳಬೇಕೋ, ನಿಮ್ಮ ತಲೆಯ ಮೇಲೆ ಕೈ ಇಡಬೇಕೋ ತಿಳಿಯದು. ಕನ್ನಡ ಅಕ್ಷರವನ್ನು ನಾನೇ ಕೂಡಿಸಿಕೊಂಡು ಕಲಿತೆ. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಿನ ಕಾಲಕ್ಕೆ ಕಳಿಸುವ ಇಂಥ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಬದುಕಿನಲ್ಲಿ ಒಬ್ಬರಿಗೆ ಒಂದೇ ಸಿಗುತ್ತದೆ. ನನ್ನದು ನಿಮಗೆ.

ಇಲ್ಲಿ ಚಳಿ ಬೆಳಗಿನ ಜಾವಕ್ಕಷ್ಟೇ, ಬಿಸಿಲಿಗೆ ಹೆದರಿ ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ. ಓಣಿಗೊಂದು ತಂಪುಗೂಡು ಇದೆ. ನೆಲದಡಿ ಕಟ್ಟಿದ ಆ ಪಡಸಾಲೆಯಲ್ಲಿ ಎಲ್ಲರೂ ಬಿಸಿಲು ಇಳಿಯುವತನಕ ಕುಳಿತು ರೊಟ್ಟಿ ತಿಂದು, ಜಗಳವಾಡಿ, ನಿದ್ದೆ ಮಾಡಿ ಏಳುತ್ತೇವೆ. ಕೆರೆಯ ಮೇಲೆ ಈ ದಂಡೆಯಿಂದ ಆ ದಂಡೆಗೆ ನೀರ್ಚಾಪೆ ಹಾಸಿದೆ. ನೀರು ಆರದಂತೆ ಮುಚ್ಚುವ ಬಿಳಿ ಹೊದಿಕೆ ಅದು. ಕುಡಿಯಲು ನೀರಿದೆ, ಸುಳ್ಳು ಹೇಳಲಾರೆ. ಆದರೆ ಚಳಿಗಾಲಕ್ಕೆ ನಿಮ್ಮ ಕೆರೆಗೆ ಬಂದಿಳಿಯುವ ಆ ಹೆಬ್ಬಾತುಗಳಿಲ್ಲ.

ನೀವು ನಡೆಸುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಕೆರೆಯ ಮಗ್ಗುಲ ಹೊಲದಲ್ಲಿ ಒಂದು ಪಟ್ಟಿ ಕಡಲೆಯನ್ನು ಹಕ್ಕಿಪಾಲೆಂದು ಕಾವಲಿಲ್ಲದೆ ಬಿಡುತ್ತೇವೆ. ಮೇಯಲು ಯಾರೂ ಇಳಿಯುವುದಿಲ್ಲ. ನಮಗೂ ಕಿತ್ತು ತಿನ್ನಲು ಮನಸ್ಸಾಗದು. ಕಾಯಿ ಗಿಡದಲ್ಲೇ ಒಣಗಿ ಉದುರುತ್ತದೆ. ಹಕ್ಕಿ ಬೆದರೀತೆಂದು ಶಿವರಾತ್ರಿಯವರೆಗೆ ವಾದ್ಯವನ್ನೂ ಬಾರಿಸುವುದಿಲ್ಲ. ಮೊನ್ನೆ ಮೊಮ್ಮಗಳು ತುಂಗಾ ಸಿಟ್ಟಾದಳು. “ಬರಲಾರದ ಹಕ್ಕಿ ಸಲುವಾಗಿ ನನ್ನ ಮದಿವ್ಯಾಗ ಬಾಜಾ ಇಲ್ಲಂದ್ರ ಹೆಂಗಬೇ ಅಜ್ಜಿ? ಇದು ಮದಿವ್ಯೋ, ಮಣ್ಣೋ?” ಎಂದಳು. “ಸುಮ್ಮನಿರವಾ, ಕೇಳಿದ್ರ ಹೊಳ್ಳಿ ಹೋಗ್ತಾವು” ಅಂದುಬಿಟ್ಟೆ. ಹೊಳ್ಳಿ ಹೋಗಲು ಬಂದವರು ಯಾರು?

ಅಜ್ಜಿ, ಯಾರೂ ಅವನ್ನು ಕೊಲ್ಲಲಿಲ್ಲ. ಪ್ರೀತಿಯಿಂದಲೇ ಕಳೆದುಕೊಂಡೆವು. ಹಕ್ಕಿಗೂ ಊರಿಗೂ ನೀರು ಹೆಚ್ಚಾಗಲೆಂದು ನಿಮ್ಮ ಊರಿನವರು ಕೆರೆಯನ್ನು ಸುತ್ತಲೂ ಆಳಕ್ಕೆ ತೋಡಿ, ದಂಡೆಗೆ ಕಲ್ಲು ಕಟ್ಟಿ, ದೀಪ ಹಾಕಿ ಚೆಂದ ಮಾಡಿದರು. ಮೂಡಣ ದಿಕ್ಕಿನ ಕೆಸರು, ಜೊಂಡು, ಮೊಣಕಾಲುದ್ದದ ನೀರು, ಎಲ್ಲ ಹೋಯಿತು. ಆ ಚಳಿಗಾಲ ಹಕ್ಕಿಗಳು ಬಂದವಂತೆ. ಕಾಲೂರಲು ಜಾಗ ಹುಡುಕುತ್ತ ಕೆರೆಯನ್ನು ಸುತ್ತಿದವಂತೆ. ಜನ ದಂಡೆಯ ಮೇಲೆ ನಿಂತು, ನಮ್ಮ ಹೊಸ ಕೆರೆ ನೋಡಿ ಕುಣಿಯುತ್ತಿವೆ ಎಂದು ಕೈ ಮುಗಿದರಂತೆ. ಆಮೇಲೆ ವರ್ಷ ವರ್ಷ ಕಡಿಮೆಯಾದವು.

ನಿಮ್ಮಲ್ಲಿ ಆ ತೋಡುವ ಯಂತ್ರ ಇನ್ನೂ ಊರಿಗೆ ಬಂದಿಲ್ಲ. ಕೆರೆ ಸಮಿತಿಗೆ ಫಕ್ಕೀರಪ್ಪಜ್ಜನೇ ಹಿರಿಯ. ಹೂಳು ತೆಗೆಯಬೇಡಿ ಎನ್ನುವುದಿಲ್ಲ, ನಡುವೆ ಬೇಕಾದಷ್ಟು ತೆಗೆಯಲಿ. ಮೂಡಣ ದಂಡೆಯನ್ನು ಮಾತ್ರ ಮುಟ್ಟಬಾರದು. ನೋಡಲು ಹೊಲಸು, ನಾತ ಬರುತ್ತದೆ, ಸೊಳ್ಳೆ ಎಂದು ಎಲ್ಲರೂ ನಗುತ್ತಾರೆ. ನಗಲಿ. ಸಭೆಯಲ್ಲಿ ಆಗದಿದ್ದರೆ ಉಣ್ಣಲು ಬಡಿಸುವಾಗ ಅಜ್ಜನಿಗೆ ಹೇಳಿ. ನಿಮ್ಮ ಮಾತನ್ನು ಅವರು ಮೀರುತ್ತಿರಲಿಲ್ಲವೆಂದು ನಮ್ಮ ಮನೆತನದಲ್ಲಿ ಇಂದಿಗೂ ನಗೆಯಾಡುತ್ತಾರೆ.

ಇವತ್ತಿನ ಮಟ್ಟಿಗೆ ನಿಮ್ಮ ಅಂಗಳದ ಮೇಲೆ ಹೆಬ್ಬಾತುಗಳು ಹಾದುಹೋಗುತ್ತಿವೆ. ಅವುಗಳ ದನಿ ನಮ್ಮ ಯಂತ್ರಗಳಲ್ಲಿದೆ, ಕೇಳಿದ್ದೇನೆ. ಆದರೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವವಳಿಗೆ ಅದು ಹೇಗೆ ಕೇಳಿಸುತ್ತದೆ, ಬಡಿಯುವ ಕೈ ನಿಲ್ಲುತ್ತದೆಯೇ, ಹೇಳುವವರು ಇಲ್ಲಿ ಯಾರೂ ಉಳಿದಿಲ್ಲ. ಅದನ್ನು ಬರೆಯಿರಿ. ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿ, ಜೋಳ ತುಂಬುವ ನೆಲದ ಹಗೇವಿನೊಳಗೆ ಇಳಿಸಿ. ಹಗೇವು ಇನ್ನೂ ಇದೆ, ನಾನು ಇಳಿದು ನೋಡುತ್ತೇನೆ. ನನಗೂ ವಯಸ್ಸಾಯಿತು, ಬೇಗ ಬರೆಯಿರಿ ಅಜ್ಜಿ.