ನಾನು ಉಜ್ಜಿ ಕೊಟ್ಟ ಕಡ್ಡಿ

ಲ್ಯಾಬಿನ ಹಿಂದಿನ ಕ್ವಾರ್ಟರ್ಸ್
ಮಾರ್ಚ್ ೯, ಭಾನುವಾರ

ಪ್ರೀತಿಯ ಜಗಳಗಂಟಿ ಮಗಳೇ,

ಹೇಗಿದ್ದೀಯಮ್ಮಾ? ಕೈಮೇಲಿನ ಆಸಿಡ್ ಗಾಯ ಮಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಾಲ್ಕು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ನಿನ್ನಮ್ಮ ಇದ್ದಿದ್ದರೆ 'ಅಪ್ಪನ ಮೂಗು, ಅಪ್ಪನದೇ ಹಟ' ಅಂತ ನಗುತ್ತಿದ್ದಳು. ಆದರೆ ಇದು ಹಟವಲ್ಲ, ಗೊತ್ತು. ನಿನ್ನನ್ನು ಲ್ಯಾಬಿನಿಂದ ಹೊರಗೆ ಹಾಕಿದ ದಿನ ನಾನೂ ಕೇಳಿಬಿಟ್ಟೆನಲ್ಲ, 'ನಿಜ ಹೇಳು, ಸುಳ್ಳು ಫಲಿತಾಂಶ ಬರೆದೆಯಾ?' ಅಂತ. ನನ್ನ ನಾಲಿಗೆ ಸೇದಿಹೋಗಲಿ.

ನೀನು ಸುಳ್ಳು ಬರೆದಿಲ್ಲ. ತಪ್ಪು ಮಾಡಿದವನು ನಾನು. ಎಲ್ಲರಿಗೂ ಬೇಕೇಬೇಕಾದ ಪಲ್ಲಾಡಿಯಂ ಲೋಹದ ಹಂಗಿಲ್ಲದೆ ಎರಡು ಬೆಂಜೀನ್ ಉಂಗುರಗಳನ್ನು ಜೋಡಿಸಿದೆ ಅಂತ ನೀನು ಕುಣಿದೆಯಲ್ಲ, ಅವತ್ತು ಫ್ಲಾಸ್ಕಿನ ತಳದಲ್ಲಿ ತಿರುಗುತ್ತಾ ದ್ರಾವಣ ಕಲಕುತ್ತಿದ್ದ ಮ್ಯಾಗ್ನೆಟ್ ಕಡ್ಡಿ ನಾನು ಇಟ್ಟದ್ದು. ಹೊಸ ಕಡ್ಡಿ ಕೇಳಿ ಕೇಳಿ ನಿನ್ನ ಬಾಯಿ ಒಣಗಿತ್ತು. 'ಮುಂದಿನ ವರ್ಷ ನೋಡೋಣ' ಅಂದಿದ್ದರು ನಿನ್ನ ಪ್ರೊಫೆಸರರು. ಪಕ್ಕದ ಲ್ಯಾಬಿನವರು ಪಲ್ಲಾಡಿಯಂ ಕೆಲಸಕ್ಕೆ ಬಳಸಿ ಬಿಸಾಡಿದ್ದ ಕಡ್ಡಿಯನ್ನು ಕಸದ ಡಬ್ಬಿಯಿಂದ ಎತ್ತಿ, ಸೋಪು ಹಾಕಿ, ಬೆಳ್ಳಗಾಗುವವರೆಗೆ ಬ್ರಷ್ಷಿನಲ್ಲಿ ಉಜ್ಜಿದೆ. ಇಪ್ಪತ್ತಾರು ವರ್ಷ ಈ ಲ್ಯಾಬಿನ ಗಾಜು ತೊಳೆದವನ ಕಣ್ಣಿಗೆ ಬೆಳ್ಳಗಿದ್ದದ್ದೆಲ್ಲ ಶುದ್ಧ. ಮಗಳ ಮೇಜಿಗೆ ಒಳ್ಳೆಯದೇ ಹೋಗಲಿ ಅಂತ ಆರಿಸಿ ಇಟ್ಟೆ. ಸವೆದ ಗೀರುಗಳೊಳಗೆ ಲೋಹ ಕೂತಿತ್ತು. ಉಂಗುರ ಜೋಡಿಸಿದ್ದು ಅದು. ಕೊನೆಗೂ ಹೊಸ ಕಡ್ಡಿಗಳು ಬಂದವು, ಅವನ್ನು ಹಾಕಿದ ಮೇಲೆ ಪ್ರಯೋಗ ಫಲಿಸಲೇ ಇಲ್ಲ, ನಿನ್ನ ತಲೆಯ ಮೇಲೆ ಗೂಬೆ ಕೂರಿಸಿದರು. ಗೆದ್ದಾಗ 'ನಮ್ಮ ಸಂಶೋಧನೆ', ಸೋತಾಗ 'ಆ ಹುಡುಗಿಯ ಮೋಸ'! ಥೂ, ಇವರ ವಿದ್ಯೆಗಿಷ್ಟು!

ಮೊನ್ನೆ ನಿನ್ನ ಡ್ರಾಯರಿನಲ್ಲಿ ಆ ಹಳೆಯ ಕಡ್ಡಿ ಸಿಕ್ಕಿತು. ಯಾಕೋ ಅನುಮಾನ ಬಂದು ಕೊಟ್ಟೆ. ಲ್ಯಾಬಿನ ಪರೀಕ್ಷಾ ಯಂತ್ರ ನೋಡಿಕೊಳ್ಳುವ ಅಕ್ಕ ಪರೀಕ್ಷೆ ಮಾಡಿ, 'ಅಣ್ಣಾ, ಇದರಲ್ಲಿ ಪಲ್ಲಾಡಿಯಂ ಇದೆಯಲ್ರೀ! ಎಲ್ಲಿಂದ ತಂದ್ರಿ?' ಅಂದಳು. ನೇರ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಕೂರಲು ಕುರ್ಚಿ ಕೊಟ್ಟರು. ಇಷ್ಟು ವರ್ಷದಲ್ಲಿ ಅದೇ ಮೊದಲು. 'ನೀವು ಹೇಳಿದ್ದನ್ನೇ ಟೈಪ್ ಮಾಡಿಸ್ತೀನಿ, ಸೈನ್ ಹಾಕಿ, ಮಗಳಿಗೆ ಒಳ್ಳೇದಾಗುತ್ತೆ' ಅಂದರು. ಒಂದು ಕುರ್ಚಿಗೆ ಕರಗಿಹೋದೆ ಮಗಳೇ. ಹಾಕಿದೆ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನೀನು ಚೆನ್ನಾಗಿರು, ಯಾರೆದುರೂ ತಲೆ ತಗ್ಗಿಸಬೇಡ.

ನಿನ್ನ
ಅಪ್ಪ

ಕವರು ಅಂಟಿಸುವ ಮುಂಚೆ ಇಷ್ಟು: ನಾನು ಸೈನ್ ಹಾಕಿದ ಆ ಕಾಗದ ಇಂಗ್ಲಿಷಿನಲ್ಲಿತ್ತು. ಪ್ರೊಫೆಸರರು ಓದಿ ಹೇಳಿದ್ದು ಒಂದು, ಬರೆಸಿದ್ದು ಇನ್ನೊಂದು. ನಿನ್ನೆ ಅಕ್ಕ ನಕಲು ಓದಿದಳು: 'ಬೇಕೆಂದೇ ಆ ಕಡ್ಡಿ ಇಡಿಸಿದ್ದು ನನ್ನ ಮಗಳು' ಅಂತಿದೆ, ಕೆಳಗೆ ನನ್ನ ಸೈನು. ನೀನು ಪಟ್ಟು ಹಿಡಿದು ಕೇಳಿದ ವಿಚಾರಣೆ ಹದಿನೇಳಕ್ಕೆ. ಈ ಪತ್ರ ತೆಗೆದುಕೊಂಡು ಬಾ. ಸಮಿತಿಯ ಮುಂದೆ ಗಟ್ಟಿಯಾಗಿ ಓದು. ಅಪ್ಪನ ಕೆಲಸ ಹೋಗುತ್ತದೆ ಅಂತ ಒಂದು ಸಾಲನ್ನೂ ನುಂಗಬೇಡ.