ಮೂರನೇ ತಿರುವಿಗೆ ಯಾವ ಟರ್ಬೊ

ಮಾರ್ಚ್ 3, ಸಂಜೆ

ರೇಸ್ ಕಾರಿಗೆ ದೊಡ್ಡ ಟರ್ಬೊ ಮತ್ತೆ ಕೂರಿಸಿದ್ದಾಯಿತು. ಒಂದೇ ಒಂದು. ಎಂಜಿನ್ನಿನ ಹೊಗೆ ಅದರ ಚಕ್ರ ತಿರುಗಿಸಬೇಕು, ಚಕ್ರ ತಿರುಗಿ ಎಂಜಿನ್ನಿಗೇ ಗಾಳಿ ತುರುಕಬೇಕು. ದೊಡ್ಡ ಚಕ್ರ, ಏಳುವುದು ನಿಧಾನ. ಎದ್ದ ಮೇಲೆ ಹಿಡಿಯುವವರಿಲ್ಲ.

ಹೆಂಡತಿ ಗುಡ್ಡದ ರಸ್ತೆಯಲ್ಲಿ ಓಡಿಸಿ ಬಂದಳು. ತಿಂಗಳ ಕೊನೆಗೆ ಅಲ್ಲೇ ರೇಸ್. ಹೆಲ್ಮೆಟ್ ತೆಗೆಯುವ ಮೊದಲೇ ತೀರ್ಪು — "ಲೇಟು ಕಣ್ರೀ. ಮೂರನೇ ತಿರುವು ದಾಟಿ ಎಷ್ಟೋ ಹೊತ್ತಾದ್ಮೇಲೆ ಎಚ್ಚರ ಆಗುತ್ತೆ ಇದಕ್ಕೆ."

ಹೋದ ವರ್ಷ ಇದೇ ಟರ್ಬೊ ಲೇಟು ಅನಿಸಿರಲಿಲ್ಲ. ಆಮೇಲೆ ಗೋಡೆಗೆ ಬಡಿದಳು, ಭುಜದ ಮೂಳೆ ಮುರಿಯಿತು, ಕೂಡಿತು. ಈ ಸಲ ಹಳೇ ಟೈಮ್ ಬರದಿದ್ದರೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಸ್ಪ್ಯಾನರ್ ಎತ್ತಿಕೊಂಡೆ. ಅವಳು ಓಡಿಸುವವಳು, ನಾನು ನಟ್ಟು ಬಿಗಿಯುವವನು. ಮನೆಯಲ್ಲೂ ಹೆಚ್ಚುಕಮ್ಮಿ ಹಾಗೆಯೇ.

ಮಾರ್ಚ್ 9

ಟ್ವಿನ್. ಚಿಕ್ಕವು ಎರಡು. ಆರು ಸಿಲಿಂಡರಿನ ಹೊಗೆಯನ್ನು ಮೂರು ಮೂರಾಗಿ ಹಂಚಿಕೊಂಡವು. ಚಿಕ್ಕ ಚಕ್ರ, ಥಟ್ಟನೆ ಏಳುತ್ತದೆ. ಮೇಲಿನ ನೇರ ದಾರಿಯಲ್ಲಿ ಉಸಿರು ಸಾಲದು, ಅದು ಗೊತ್ತಿದ್ದದ್ದೇ.

"ಮೊದಲಿಗಿಂತ ವಾಸಿ. ಆದ್ರೂ ಅಲ್ಲೇ ಮುಗ್ಗರಿಸುತ್ತೆ."

"ಎಲ್ಲಿ?"

"ಮೂರನೇದ್ರಲ್ಲಿ."

ಟ್ವಿನ್ ಅಲ್ಲಿ ಮುಗ್ಗರಿಸಲು ಕಾರಣವೇ ಇಲ್ಲ. ಪೈಪ್ ಸೋರುತ್ತಿದೆಯೇನೋ ಎಂದು ಸೋಪಿನ ನೀರು ಬಳಿದು ಜಾಯಿಂಟ್ ಜಾಯಿಂಟ್ ನೋಡಿದೆ. ಒಂದು ಗುಳ್ಳೆಯೂ ಇಲ್ಲ.

ಮಾರ್ಚ್ 19

ಇಷ್ಟು ದಿನ ಬರೆಯಲಿಲ್ಲ. ಕಾಂಪೌಂಡ್ ಮಾಡಹೊರಟವನಿಗೆ ಪುರುಸೊತ್ತೆಲ್ಲಿ. ದೊಡ್ಡದು ಒತ್ತಿದ ಗಾಳಿಯನ್ನು ಚಿಕ್ಕದು ಮತ್ತೆ ಒತ್ತುತ್ತದೆ. ಶುರುವಿಗೆ ಚಿಕ್ಕದರ ಚುರುಕು, ಆಮೇಲೆ ದೊಡ್ಡದರ ಬಲ. ಕೇಳಲು ಚೆಂದ. ಮಾಡಿದರೆ ಭಾರ, ಕಾವು, ಎಲ್ಲಿ ನೋಡಿದರೂ ಪೈಪು. ವೆಲ್ಡರ್ ಬಂದಾಗಲೆಲ್ಲ ನನ್ನ ತಲೆ ನೆಟ್ಟಗಿದೆಯಾ ಎಂದು ವಿಚಾರಿಸಿದ.

ಅವಳು ಬಾನೆಟ್ ಎತ್ತಿ ನೋಡಿದಳು. "ಇದೇನ್ರೀ, ಹೊಟ್ಟೆ ಸೀಳಿದ ಹಾಗಿದೆ."

ಓಡಿಸಿ ಬಂದಳು. ಮುಖ ನೋಡಿದರೇ ಗೊತ್ತಾಯಿತು.

"ಮೂರನೇದ್ರಲ್ಲಾ?"

"ಹೂಂ."

ಮೂರು ಥರ ಜೋಡಿಸಿದರೂ ಕಾಯಿಲೆ ಒಂದೇ. ತಲೆ ಕೆಟ್ಟುಹೋಯಿತು.

ಮಾರ್ಚ್ 20, ಮಧ್ಯಾಹ್ನ

ಪಕ್ಕದ ಸೀಟಿನಲ್ಲಿ ಕೂತೆ. ಅವಳು ಓಡಿಸುವಾಗ ನಾನು ಎಂದೂ ಕೂರುವವನಲ್ಲ. ಗ್ಯಾರೇಜಿನವರಿಗೆಲ್ಲ ಇದೊಂದು ತಮಾಷೆ. ರಸ್ತೆ ನೋಡಲು ಧೈರ್ಯ ಸಾಲದೆ ತಲೆ ತಗ್ಗಿಸಿ ಅವಳ ಕಾಲನ್ನೇ ನೋಡುತ್ತ ಕೂತೆ. ಅದರಿಂದಲೇ ಕಂಡಿತು. ಮೂರನೇ ತಿರುವು ಬರುತ್ತಿದ್ದಂತೆ ಆಕ್ಸಿಲರೇಟರಿನಿಂದ ಕಾಲು ಮೇಲೆದ್ದಿತು. ಪೂರ್ತಿ. ಮತ್ತೆ ಒತ್ತಿದಳು. ಅಷ್ಟರಲ್ಲಿ ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಜರ್ರನೆ ಇಳಿದಿತ್ತು. ಇನ್ನು ಒಂದಿದ್ದರೇನು, ಎರಡಿದ್ದರೇನು, ಲೇಟಾಗದೆ ಇನ್ನೇನು.

ಹೋದ ವರ್ಷ ಬಡಿದ ಗೋಡೆ ಅಲ್ಲಿಯೇ ಇದೆ.

ಗುಡ್ಡದ ಮೇಲೆ ಹೋಗಿ ಎಂಜಿನ್ ಆಫ್ ಮಾಡಿದಳು.

"ನೋಡಿದ್ರಾ?"

"ನೋಡಿದೆ."

"ಮೊದಮೊದಲು ನಂಗೇ ಗೊತ್ತಿರಲಿಲ್ಲ. ಟ್ವಿನ್ ಹಾಕಿದ ದಿನ ಗೊತ್ತಾಯ್ತು. ಹೇಳಕ್ಕೆ ನಾಚಿಕೆ ಆಯ್ತು ರೀ. ಕಾಂಪೌಂಡ್ ಹಾಕಿದ್ರೆ ಸರಿ ಹೋಗುತ್ತೇನೋ ಅಂತ..."

ನಾನು ಪಟ್ಟ ಪಾಡಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಪಾಪ ಅನಿಸಿತು.

"ಟ್ವಿನ್ನೇ ಹಾಕೋಣ ಬಿಡು. ಕಾಲು ಎತ್ತಿದ್ರೂ ಬೇಗ ಸುಧಾರಿಸಿಕೊಳ್ಳುತ್ತೆ. ಯಾರಿಗೂ ಗೊತ್ತಾಗಲ್ಲ."

"ಬೇಡ. ದೊಡ್ಡದೇ ಹಾಕಿ. ಕಾಲು ಎತ್ತಿದ್ರೆ ಅದು ಸುಮ್ನೆ ಬಿಡಲ್ಲ. ಅಂಥದೇ ಬೇಕು ನಂಗೆ."

ಮಾರ್ಚ್ 22

ಕಾಂಪೌಂಡ್ ಬಿಚ್ಚಿದೆ. ದೊಡ್ಡದು ಮತ್ತೆ ಕೂತಿತು. ಪೈಪುಗಳು ಮೂಲೆಯಲ್ಲಿ. ವೆಲ್ಡರ್‌ಗೆ ಯಾವ ಮುಖ ಹೊತ್ತು ಹೇಳಲಿ.

ಮಾರ್ಚ್ 29, ಸಂಜೆ

ರೇಸ್ ಮುಗಿಯಿತು.

ಕೆಳಗೆ ನಿಂತವರಿಗೆ ಕಾರು ಕಾಣುವುದಿಲ್ಲ, ಸದ್ದಷ್ಟೇ. ಕಾಲು ಎತ್ತಿದರೆ ಒತ್ತಿದ ಗಾಳಿ ಉಸ್ಸೆಂದು ಹೊರಗೆ ಬೀಳುತ್ತದೆ, ಗುಡ್ಡಕ್ಕೆಲ್ಲ ಕೇಳುತ್ತದೆ. ಒಂದನೇ ತಿರುವು, ಉಸ್. ಎರಡನೆಯದು, ಉಸ್. ಅಲ್ಲೆಲ್ಲ ಬ್ರೇಕ್ ಹಾಕಲೇಬೇಕು. ಮೂರನೆಯದು ಕಾಲು ಎತ್ತದೆ ಹೋಗುವ ತಿರುವು. ಕಾದೆ... ಉಸ್ ಬರಲಿಲ್ಲ.

ಹಳೇ ಟೈಮಿಗಿಂತ ಅರ್ಧ ಸೆಕೆಂಡ್ ಕಮ್ಮಿ. ವೆಲ್ಡರ್ ಬೆನ್ನಿಗೆ ಗುದ್ದಿದ. ಯಾರು ಯಾರೋ ಕೈ ಕುಲುಕಿದರು. ಕೆಳಗೆ ಬಂದಾಗ ಅವಳ ಕಣ್ಣು ತುಂಬಿತ್ತು.

"ಎತ್ತಲಿಲ್ಲ ರೀ."

"ಗೊತ್ತು. ಕೇಳಿಸ್ತು."

ಅಷ್ಟೇ ಹೇಳಿದ್ದು. ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಕಾಲು ಎತ್ತಲಿ, ಎತ್ತಲಿ ಎಂದು ಬೇಡಿಕೊಳ್ಳುತ್ತಿದ್ದೆ. ಇಡೀ ಗುಡ್ಡದಲ್ಲಿ ಹಾಗೆ ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಟ್ವಿನ್ ಹಾಕೋಣ ಎಂದದ್ದೂ ಅದಕ್ಕೇ — ಅವಳು ಎತ್ತುತ್ತಲೇ ಇರಲಿ, ಆ ಗೋಡೆಗೆ ಮತ್ತೆ ಬಡಿಯದಿರಲಿ ಎಂದು. ಇನ್ನು ಪ್ರತಿ ಸಲ ಹೀಗೆ ನಿಂತು ಕೇಳುವ ಶಕ್ತಿ ನನಗಿಲ್ಲ. ಹೇಳಿಬಿಡಬೇಕು. ಇವತ್ತೇ.

ಸ್ನಾನ ಮುಗಿಸಿದಳು. ಏನೋ ಗುನುಗಿಕೊಳ್ಳುತ್ತಿದ್ದಾಳೆ. ಹೀಗೆ ಗುನುಗಿ ಒಂದು ವರ್ಷವಾಯಿತು. ತಲೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ —

"ರೀ, ಮುಂದಿನ ಸಲಕ್ಕೆ ಬೂಸ್ಟ್ ಇನ್ನೂ ಎಷ್ಟು ಏರಿಸಬಹುದು?"

"ಲೆಕ್ಕ ಹಾಕಿ ಹೇಳ್ತೀನಿ" ಎಂದೆ. ಇನ್ನೊಂದು ಮಾತು ಇವತ್ತು ಬೇಡ.